ಟ್ಯಾಂಕು ಬಿಗಿದವರು ಯಾರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹನೆ. ನನ್ನ ಕಸುಬು ಭೂವಿಜ್ಞಾನ. ಮೂವತ್ತು ವರ್ಷ ಕಲ್ಲು ಒಡೆದು, ಒಳಗೆ ಏನಿದೆ ಎಂದು ನೋಡಿ, ನೋಡಿದ್ದನ್ನಷ್ಟೇ ಬರೆದಿಟ್ಟು ಸಂಬಳ ತೆಗೆದುಕೊಂಡವನು. ಧಾರವಾಡದ ಮನೆಯಲ್ಲಿ ಅಜ್ಜಿ ಯಾರಿಗೋ ಏನೋ ಕಂಡಿತಂತೆ ಎಂದು ಶುರುಮಾಡಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ಬಗ್ಗೆ ಒಳ್ಳೆಯದು ಏನೂ ಇಲ್ಲ.

ಕೊಲ್ಕತ್ತಾದಲ್ಲಿ ನಾನಿದ್ದದ್ದು ಕೇಂದ್ರ ಸರ್ಕಾರದ ಒಂದು ಸಮೀಕ್ಷಾ ಕಚೇರಿಯಲ್ಲಿ. ಮನೆ ಬಾಲಿಗಂಜ್‌ನಲ್ಲಿ, ಬಾಡಿಗೆಯದು. ಕಚೇರಿಯ ಜೀಪುಗಳು ನಿಲ್ಲುತ್ತಿದ್ದ ಶೆಡ್ಡು ಕಸ್ಬಾದಲ್ಲಿ. ದುರ್ಗಾಪೂಜೆ, ಕಾಳಿಪೂಜೆ ಮುಗಿದು ಚಳಿ ಶುರುವಾಯಿತೆಂದರೆ ನಾವು ಜೀಪು ಹತ್ತಿ ಪುರುಲಿಯಾ ಕಡೆಗೋ ಝಾರ್ಖಂಡದ ಕಾಡುಗಳಿಗೋ ಹೊರಡಬೇಕು. ಮೂರು ನಾಲ್ಕು ತಿಂಗಳು ಅಲ್ಲೇ ಡೇರೆ. ಆ ಕಡೆ ಕುಡಿಯುವ ನೀರಿಗೆ ತುಂಬಾ ಕಷ್ಟ. ಅದಕ್ಕಾಗಿ ಪ್ರತಿ ಜೀಪಿನ ಒಳಗೂ, ಮುಂದಿನ ಸೀಟಿನ ಬೆನ್ನಿಗೆ, ನೂರೈವತ್ತು ಲೀಟರಿನ ಒಂದು ಟ್ಯಾಂಕು ಕೂರಿಸುತ್ತಿದ್ದರು.

ಕೇಳಲಿಕ್ಕೆ ಸಣ್ಣ ಕೆಲಸ. ಆದರೆ ನೂರೈವತ್ತು ಲೀಟರ್ ನೀರು ಎಂದರೆ ನೂರೈವತ್ತು ಕಿಲೋ ಭಾರ, ಅದೂ ಅಲ್ಲಾಡುವ ಭಾರ. ಟಾರು ರಸ್ತೆ ಬಿಟ್ಟು ಹಳ್ಳಕೊಳ್ಳದ ದಾರಿಗೆ ಇಳಿದ ಮೇಲೆ ಅದು ಹಿಂದಕ್ಕೂ ಮುಂದಕ್ಕೂ ಗುದ್ದುತ್ತದೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ, ಆ ಟ್ಯಾಂಕು ಸರಿಯಾಗಿ ಬಿಗಿದಿಲ್ಲದಿದ್ದರೆ, ಅದು ಹೋಗುವುದು ನೇರವಾಗಿ ಮುಂದೆ ಕೂತವರ ಬೆನ್ನಿಗೆ.

ಈ ಕೆಲಸವನ್ನು ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದವರು ನಿತಾಯ್‌ದಾ. ದಾ ಎಂದರೆ ಬಂಗಾಳಿಯಲ್ಲಿ ಅಣ್ಣ. ವಯಸ್ಸು ಐವತ್ತರ ಮೇಲೆ, ಸಣಕಲು ಮೈ, ಕಚೇರಿಯ ಮೆಕ್ಯಾನಿಕ್. ಹತ್ತೊಂಬತ್ತು ವರ್ಷವಾದರೂ ದಿನಗೂಲಿಯೇ. ಅವರು ಟ್ಯಾಂಕನ್ನು ತಗಡಿನ ನೆಲಕ್ಕೆ ಬಿಗಿಯುತ್ತಿರಲಿಲ್ಲ. ನೆಲದ ಮೂಲಕ ಉದ್ದದ ಬೋಲ್ಟು ಇಳಿಸಿ, ಜೀಪಿನ ಅಡಿಯ ಉಕ್ಕಿನ ಚೌಕಟ್ಟಿಗೆ, ಅಂದರೆ ಚಾಸಿಗೆ, ಸೇರಿಸಿ, ಕೆಳಗಿನಿಂದ ಒಂದೊಂದು ಬೋಲ್ಟಿಗೂ ಅಂಗೈಯಗಲದ ಉಕ್ಕಿನ ಪ್ಲೇಟು ಕೊಡುತ್ತಿದ್ದರು. ಆ ಪ್ಲೇಟುಗಳ ಮೂಲೆಗಳನ್ನು ಅರದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡುವರು, ಮುಂದೆ ಯಾರಾದರೂ ಜೀಪಿನ ಕೆಳಗೆ ನುಸುಳಿದರೆ ಕೈ ಕೊಯ್ಯಬಾರದು ಎಂದು. ಎಲ್ಲ ಆದ ಮೇಲೆ ನಟ್ಟು ಮತ್ತು ಪ್ಲೇಟಿನ ಮೇಲೆ ಸೇರುವಂತೆ ಹಳದಿ ಬಣ್ಣದ ಒಂದು ಗೀಟು ಬೆರಳಲ್ಲೇ ಎಳೆಯುವರು. ಗೀಟು ಮುರಿದು ಕಂಡರೆ ನಟ್ಟು ಸಡಿಲವಾಗಿದೆ ಎಂದು ಅರ್ಥ. ಇಷ್ಟಕ್ಕೆ ಅವರಿಗೆ ಮೂರು ದಿನ ಹಿಡಿಯುತ್ತಿತ್ತು. ಕೆಲಸ ಮಾಡುವುದು ಬರಿಗಾಲಲ್ಲಿ, ಚಪ್ಪಲಿ ಮುಂದಿನ ಚಕ್ರದ ಹತ್ತಿರ ಜೋಡಿಸಿಟ್ಟು.

ಅದು ಎಲ್ಲರ ಬಾಯಲ್ಲೂ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್ ಇದ್ದ ಕಾಲ. ಗಾಜಿನ ಕಟ್ಟಡಗಳು ಏಳುತ್ತಿದ್ದವು, ಕಂಪ್ಯೂಟರ್ ಹುಡುಗರನ್ನು ಹೊತ್ತ ಕಾರುಗಳು ಬೆಳಗಿನಿಂದ ಬೈಪಾಸಿನಲ್ಲಿ ಓಡುತ್ತಿದ್ದವು. ಆ ಗಾಳಿ ನಮ್ಮ ಕಚೇರಿಗೂ ಬಡಿಯಿತು. ಎಲ್ಲವನ್ನೂ ಹೊರಗಿನವರಿಗೆ ಗುತ್ತಿಗೆ ಕೊಡಬೇಕು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಬೇಕು ಎಂದು ಹೊಸ ಡೈರೆಕ್ಟರ್ ಹುಕುಂ ಮಾಡಿದರು. ನನಗೆ ಕಂಪ್ಯೂಟರ್ ಸ್ವಲ್ಪ ಬರುತ್ತಿತ್ತು. ಹಾಗಾಗಿ ವಾಹನಗಳ ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದರು. ನಿಜ ಹೇಳಬೇಕೆಂದರೆ ನನಗೆ ಅದು ಹೆಮ್ಮೆಯೇ ಆಗಿತ್ತು. ಪಟ್ಟಿ ಮಾಡಿದೆ. ನಿತಾಯ್‌ದಾ ಹೆಸರಿನ ಮುಂದೆ ಟ್ಯಾಂಕಿಗೆ ಮೂರು ದಿನ ಎಂದು ಬಂತು. ಹೊರಗಿನ ಗುತ್ತಿಗೆದಾರ ಅರ್ಧ ದಿನ ಎಂದಿದ್ದ. 'ಕೆಲಸ ಅಚ್ಚುಕಟ್ಟು, ಆದರೆ ಅತಿ ನಿಧಾನ. ಹೊರಗಿನಿಂದ ಮಾಡಿಸಿಕೊಳ್ಳಬಹುದು' ಎಂದು ಕೆಳಗೆ ಒಂದು ಸಾಲು ಬರೆದು ಸಹಿ ಹಾಕಿದೆ.

ಬೇಡವೆಂದವನು ಒಬ್ಬನೇ, ಲಾರೆನ್ಸ್. ಮಂಗಳೂರಿನವನು, ನನ್ನ ಓರಗೆಯವನು, ಅದೇ ಕಚೇರಿಯಲ್ಲಿ ಭೂವಿಜ್ಞಾನಿ. ಭಾನುವಾರ ಬೆಳಿಗ್ಗೆ ಇಬ್ಬರೂ ಕರಿಬೇವು, ತೆಂಗಿನಕಾಯಿ, ಕುಚ್ಚಲಕ್ಕಿ ಎಂದು ಲೇಕ್ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಅಲ್ಲೇ ಒಂದು ಅಂಗಡಿಯ ಮುಂದೆ ನಿಂತು ಅವನು ಹೇಳಿದ್ದ, "ಆ ಮನುಷ್ಯನನ್ನು ತೆಗೀಬೇಡ ಮಾರಾಯ. ಅವ ನಿಧಾನ ಅಲ್ಲ, ಅವನಿಗೆ ಆ ಕೆಲಸ ಎಂತದ್ದು ಅಂತ ಗೊತ್ತುಂಟು. ನಾನು ಡೈರೆಕ್ಟರ್ ಹತ್ರ ಮಾತಾಡ್ತೇನೆ." ಮಾತಾಡಿದ ಕೂಡ. ಬೈಸಿಕೊಂಡು ಬಂದ.

ಕೆಲಸ ಹೋದ ದಿನ ನಿತಾಯ್‌ದಾ ನನ್ನ ಕೋಣೆಗೆ ಬಂದರು. ಬೇಡಿಕೊಳ್ಳಲಿಲ್ಲ. ಬಾಗಿಲ ಬಳಿ ನಿಂತೇ ತಮ್ಮ ಬಂಗಾಳಿ ಹಿಂದಿಯಲ್ಲಿ, "ಗಾಡಿ ರುಕ್ ಜಾತಾ ಹೈ ಸಾರ್, ಪಾನಿ ನೇಹಿ ರುಕ್ತಾ" ಎಂದರು. ಗಾಡಿ ನಿಲ್ಲುತ್ತದೆ, ಒಳಗಿನ ನೀರು ನಿಲ್ಲುವುದಿಲ್ಲ. ಹೊಸಬರಿಗೆ ಇದನ್ನು ಹೇಳಿಬಿಡಿ ಎಂದು. ನಾನು ತಲೆ ಎತ್ತದೆ 'ಹೇಳುತ್ತೇನೆ' ಎಂದೆ. ಯಾರಿಗೂ ಹೇಳಲಿಲ್ಲ.

ಇದು ದುರ್ಗಾಪೂಜೆಗೆ ಎರಡು ತಿಂಗಳು ಇರುವಾಗಿನ ಮಾತು. ಕಾಳಿಪೂಜೆ ಕಳೆದ ಮೇಲೆ ನಾನು ಪುರುಲಿಯಾಕ್ಕೆ ಹೊರಡಬೇಕಾಯಿತು. ಒಂದು ಶುಕ್ರವಾರ ಗುತ್ತಿಗೆದಾರನ ಜನ ಶೆಡ್ಡಿಗೆ ಬಂದು ನನ್ನ ಜೀಪಿಗೆ ಟ್ಯಾಂಕು ಕೂರಿಸಿ ಹೋದರು. ಶನಿವಾರ ಭಾನುವಾರ ಶೆಡ್ಡಿಗೆ ಬೀಗ. ಸೋಮವಾರ ಬೆಳಿಗ್ಗೆ ಆರೂವರೆಗೆ ನಾನು ಅಲ್ಲಿಗೆ ಹೋದೆ. ಕಾವಲುಗಾರ ಆಗಷ್ಟೇ ಬೀಗ ತೆಗೆದು ಹಿಂದಿನ ನಲ್ಲಿಗೆ ಮುಖ ತೊಳೆಯಲು ಹೋಗಿದ್ದ. ಡ್ರೈವರ್ ಇನ್ನೂ ಬಂದಿರಲಿಲ್ಲ.

ನನ್ನ ಜೀಪಿನ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿದ್ದವು. ಖಾಕಿ ಪ್ಯಾಂಟು, ಬರಿಗಾಲು, ಎಣ್ಣೆ ಹಿಡಿದು ಕಪ್ಪಾದ ಹಿಮ್ಮಡಿ. ಸ್ಪ್ಯಾನರ್ ತಿರುಗುವ ಸದ್ದು ಕಟಕಟ ಎಂದು ನಿಧಾನವಾಗಿ ಕೇಳುತ್ತಿತ್ತು. ಗುತ್ತಿಗೆದಾರ ಉಳಿದ ಕೆಲಸಕ್ಕೆ ಯಾರನ್ನೋ ಕಳಿಸಿದ್ದಾನೆ ಎಂದುಕೊಂಡೆ. ಹೊತ್ತಾಗುತ್ತಿದೆ ಎಂದು ಸಿಟ್ಟು ಬಂತು. "ಆರ್ ಕೊತೋಕ್ಖೊನ್?" ಎಂದೆ, ಇನ್ನೆಷ್ಟು ಹೊತ್ತು ಎಂದು. "ಹೊಯೆ ಗೆಛೆ, ಸಾರ್" ಎಂದು ಒಳಗಿನಿಂದ ಉತ್ತರ ಬಂತು. ಆಯಿತು ಸಾರ್ ಎಂದು.

ಆ ದನಿ ಯಾರದೆಂದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿತ್ತು ಎಂದು ಈಗ ಹೇಳಿದರೆ ಸುಳ್ಳಾದೀತು. ಇಷ್ಟು ವರ್ಷಗಳಲ್ಲಿ ಆ ಎರಡು ಮಾತುಗಳನ್ನು ಸಾವಿರ ಸಲ ನೆನೆದಿದ್ದೇನೆ. ನೆನೆದಷ್ಟೂ ಅದು ಅವರದೇ ದನಿ ಅನ್ನಿಸುತ್ತದೆ. ಆದ್ದರಿಂದಲೇ ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅಂದು ಒಂದು ಸಲ ಬಗ್ಗಿ ನೋಡಿದ್ದರೆ ಮುಗಿದಿತ್ತು. ಬಗ್ಗಲಿಲ್ಲ. ಗೇಟಿನ ಆಚೆ ಹೋಗಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದು ಬಂದೆ. ಬರುವಷ್ಟರಲ್ಲಿ ಡ್ರೈವರ್ ಮಹೇಶ ಎಂಜಿನ್ ಶುರುಮಾಡಿಕೊಂಡು ಕೂತಿದ್ದ.

"ಮೆಕ್ಯಾನಿಕ್ ಹೋದನಾ?" ಎಂದು ಹಿಂದಿಯಲ್ಲಿ ಕೇಳಿದೆ.

"ಯಾವ ಮೆಕ್ಯಾನಿಕ್, ಸಾಬ್?" ಎಂದ. ನಾನು ಹತ್ತಿ ಕೂತೆ. ಹೊರಟೆವು.

ಮಹೇಶ ಬಿಹಾರದವನು, ಗುತ್ತಿಗೆದಾರನ ಆಳು. ಅವನು ಒಳ್ಳೆಯ ಡ್ರೈವರ್, ತಪ್ಪು ಅವನದಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಪುರುಲಿಯಾ ದಾಟಿ, ಕಾಡಿನ ಮಣ್ಣುದಾರಿ ಹಿಡಿದಿದ್ದೆವು. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಅವನು ಬ್ರೇಕ್ ಒತ್ತಿ ಎಡಕ್ಕೆ ಎಳೆದ. ದಾರಿಯ ಅಂಚು ಕುಸಿಯಿತು. ಜೀಪು ಮಗುಚಿಕೊಳ್ಳುತ್ತಾ ಕೆಳಗಿನ ಒಣಹೊಂಡಕ್ಕೆ ಹೋಗಿ ಅಂಗಾತ ಬಿತ್ತು, ಚಕ್ರಗಳು ಆಕಾಶಕ್ಕೆ.

ಬೆಲ್ಟಿನಲ್ಲಿ ನಾನು ತಲೆಕೆಳಗಾಗಿ ಜೋತುಬಿದ್ದಿದ್ದೆ. ಮುಖದ ಮೇಲೆ ಬೆಚ್ಚಗೆ ಏನೋ ತೊಟ್ಟಿಕ್ಕುತ್ತಿತ್ತು. ರಕ್ತ ಎಂದುಕೊಂಡೆ. ನೀರು. ಟ್ಯಾಂಕಿನ ಮುಚ್ಚಳದಿಂದ ಸೋರುತ್ತಿದ್ದ ನೀರು. ಕತ್ತು ಹೊರಳಿಸಿ ನೋಡಿದರೆ ಆ ತುಂಬಿದ ಟ್ಯಾಂಕು ನಮ್ಮ ಹಿಂದೆಯೇ, ಮೇಲಾದ ನೆಲಕ್ಕೆ ಕಚ್ಚಿಕೊಂಡು ನೇತಾಡುತ್ತಿತ್ತು. ಒಂದು ಬೆರಳಿನಷ್ಟೂ ಕದಲಿರಲಿಲ್ಲ. ನಾವು ಹೇಗೋ ಹೊರಗೆ ತೆವಳಿದೆವು. ಮಹೇಶನ ಹೆಗಲ ಮೂಳೆ ಮುರಿದಿತ್ತು. ನನಗೆ ಮೊಣಕೈ ತರಚಿತ್ತು, ಅಷ್ಟೇ.

ಬಿಸಿಲಲ್ಲಿ ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದ ಜೀಪಿನತ್ತ ಆಗ ನನ್ನ ಕಣ್ಣು ಹೋಯಿತು. ಅದರ ಅಡಿಭಾಗದಲ್ಲಿ ಅಂಗೈಯಗಲದ ನಾಲ್ಕು ಉಕ್ಕಿನ ಪ್ಲೇಟುಗಳು. ಮೂಲೆಗಳು ದುಂಡಗೆ. ನಾಲ್ಕು ನಟ್ಟುಗಳ ಮೇಲೂ ಹಳದಿ ಗೀಟು, ಒಂದೂ ಮುರಿದಿರಲಿಲ್ಲ. ಹತ್ತಿರ ಹೋಗಿ ಮುಟ್ಟಿದೆ. ಬಣ್ಣ ಬೆರಳಿಗೆ ಸ್ವಲ್ಪ ಅಂಟಿತು.

ಮಹೇಶ ಕೈ ಹಿಡಿದುಕೊಂಡು ನರಳುತ್ತಲೇ ನನ್ನ ಪಕ್ಕಕ್ಕೆ ಬಂದು ನಿಂತ. ಅವನ ಮುಖ ಬೆಳ್ಳಗಾಗಿತ್ತು. "ಸಾಬ್, ಯೇ ಕಿಸ್ನೆ ಲಗಾಯಾ?" ಎಂದ. ಇದನ್ನು ಹಾಕಿದವರು ಯಾರು? ಶುಕ್ರವಾರ ಟ್ಯಾಂಕು ಕೂರಿಸುವಾಗ ಟಾರ್ಚು ಹಿಡಿದವನು ತಾನೇ ಎಂದ. ಹಾಕಿದ್ದು ನಾಲ್ಕು ಗಿಡ್ಡ ಸ್ಕ್ರೂ, ಬರೀ ತಗಡಿಗೆ. ಕೆಳಗೆ ಯಾರೂ ನುಸುಳಲೇ ಇಲ್ಲ. ಆಮೇಲೆ ಮೇಲೆಲ್ಲ ಹಾಸಿಗೆ ಸುರುಳಿ ಹೇರಿದ್ದರಿಂದ ಯಾರೂ ಅತ್ತ ನೋಡಿರಲಿಲ್ಲ. ಒಳಗೆ ಇಣುಕಿದೆವು. ಅವನು ಹೇಳಿದ ನಾಲ್ಕು ಸ್ಕ್ರೂಗಳು ತಗಡನ್ನು ಹರಿದುಕೊಂಡು ಆಚೆ ಬಂದಿದ್ದವು. ಟ್ಯಾಂಕನ್ನು ಹಿಡಿದಿದ್ದದ್ದು ಆ ಉದ್ದದ ಬೋಲ್ಟುಗಳು ಮಾತ್ರ.

ಕೊಲ್ಕತ್ತಾಕ್ಕೆ ಬಂದು ನಾನು ಮೊದಲು ಯೋಚಿಸಿದ್ದು ಸರಳವಾಗಿಯೇ. ನಿತಾಯ್‌ದಾಗೆ ಮನಸ್ಸು ತಡೆಯಲಿಲ್ಲ. ಹಳೆಯ ಗೆಳೆಯರು ಯಾರೋ ಒಳಗೆ ಬಿಟ್ಟಿದ್ದಾರೆ. ಬಂದು ಕೆಲಸ ಮಾಡಿ ಹೋಗಿದ್ದಾರೆ. ಮನೆಯಲ್ಲಿ ಹೆಂಡತಿ ಶೈಲಜಾಗೆ ಹೇಳಿದೆ. ಅವಳು, "ಅಲ್ರೀ, ಅವರ ಅನ್ನಾ ಕಿತ್ತಾವರು ನೀವು. ನಿಮ್ಮ ಜೀವಾ ಉಳಿಸಾಕ ಅವರು ಬಂದಾರ. ಇನ್ನೂ ಇಲ್ಲೇ ಕುಂತೀರಲ್ಲ, ಮೊದಲ ಅವರ ಮನಿಗೆ ಹೋಗ್ರಿ" ಎಂದಳು.

ಗುರುವಾರ ಹೋದೆ. ಕಸ್ಬಾದ ರೈಲು ಹಳಿಯ ಆಚೆ ಒಂದು ಓಣಿ, ಒಂದೇ ಕೋಣೆಯ ಮನೆ. ಬಾಗಿಲಲ್ಲೇ ನನಗೆ ತಿಳಿಯಿತು. ಗೋಡೆಗೆ ಒರಗಿಸಿದ ಅವರ ಫೋಟೋ, ರಜನಿಗಂಧದ ಹಾರ, ಬಿಳಿ ಸೀರೆ ಉಟ್ಟ ಅವರ ಹೆಂಡತಿ. ಶ್ರಾದ್ಧದ ತಯಾರಿ ನಡೆದಿತ್ತು. ಕಾಮಾಲೆಯಾಗಿ ಒಂದು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ತೀರಿಹೋದದ್ದು ಹಿಂದಿನ ವಾರದ ಮಂಗಳವಾರ. ಅಂದರೆ ನನ್ನ ಜೀಪಿಗೆ ಟ್ಯಾಂಕು ಕೂರಿಸುವುದಕ್ಕೆ ಮೂರು ದಿನ ಮೊದಲು. ಕಚೇರಿಯ ಗೇಟಿಗೆ ಸುದ್ದಿ ಕಳಿಸಿದ್ದರು. ಈಗ ಅವರು ನಮ್ಮವರಲ್ಲವಲ್ಲ ಎಂದು ಗೇಟಿನವರು ಒಳಗೆ ಹೇಳಲೇ ಇಲ್ಲ.

ಚಾಪೆಯ ಮೇಲೆ ಕೂತು, "ನಿತಾಯ್‌ದಾನಂಥ ಕೆಲಸಗಾರ ನಮ್ಮ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ" ಎಂದೆ, ನನ್ನ ಅರೆಬರೆ ಬಂಗಾಳಿಯಲ್ಲಿ.

ಆಕೆ ನನ್ನ ಮುಖವನ್ನೇ ನೋಡಿದರು. "ತಾಹೋಲೆ?" ಎಂದರು. ಹಾಗಾದರೆ? ಆ ಒಂದೇ ಪದ. ನಾನು ಕೈಮುಗಿದು ಎದ್ದು ಬಂದೆ. ಜೀಪಿನ ವಿಷಯ ಆಕೆಗೆ ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ.

ಆಮೇಲೆ ನನ್ನಿಂದ ಆದಷ್ಟು ವಿಚಾರಿಸಿದೆ. ಸೋಮವಾರ ನನ್ನ ಮುಂಚೆ ಯಾರೂ ಒಳಗೆ ಬಂದಿಲ್ಲ ಎಂದು ಕಾವಲುಗಾರ ಮಗಳ ಮೇಲೆ ಆಣೆ ಇಟ್ಟು ಹೇಳಿದ. ಹಳೆಯ ಡ್ರೈವರುಗಳನ್ನೂ ಕೇಳಿದೆ, ಯಾರಿಗೂ ಗೊತ್ತಿಲ್ಲ. ಅಷ್ಟಕ್ಕೂ ಅದು ಮೂರು ದಿನದ ಕೆಲಸ, ಚಾಸಿಗೆ ರಂಧ್ರ ಕೊರೆಯಬೇಕು, ಕರೆಂಟು ಬೇಕು. ನಾನು ಕಂಡ ಆ ಕಾಲುಗಳು ಯಾರದೇ ಇರಲಿ, ಒಂದು ಬೆಳಗಿನಲ್ಲಿ ಅದು ಆಗುವಂಥದ್ದಲ್ಲ. ನನ್ನ ಭ್ರಮೆ ಎನ್ನಲೂ ಆಗದು. ತನಿಖೆಗೆ ಬಂದ ಎಂಜಿನಿಯರ್ ಕೂಡ ಪ್ಲೇಟುಗಳನ್ನು ನೋಡಿ ಬರೆದುಕೊಂಡು ಹೋಗಿದ್ದರು.

ಇಲ್ಲಿಗೆ ಮುಗಿದಿದ್ದರೆ ಇದೊಂದು ವಿಚಿತ್ರ, ಆದರೆ ನೆನೆದು ಕೈಮುಗಿಯಬಹುದಾದ ಅನುಭವವಾಗುತ್ತಿತ್ತು.

ಡೈರೆಕ್ಟರ್ ನನ್ನನ್ನೂ ಗುತ್ತಿಗೆದಾರನನ್ನೂ ಕರೆಸಿದರು. ಟ್ಯಾಂಕು ಇಷ್ಟು ಭದ್ರವಾಗಿದ್ದರಿಂದ ಇಬ್ಬರ ಜೀವ ಉಳಿಯಿತು ಎಂದು ಅವರಿಗೆ ಸಂತೋಷ. ನಾನು, "ಸಾರ್, ಆ ಪ್ಲೇಟು ಇವರ ಜನ ಹಾಕಿದ್ದಲ್ಲ" ಎಂದೆ. ಡೈರೆಕ್ಟರ್ ಹುಬ್ಬೇರಿಸಿ, ಮತ್ತೆ ಯಾರು ಹಾಕಿದ್ದು ಎಂದು ಕೇಳಿದರು. ಗುತ್ತಿಗೆದಾರ ನಗುತ್ತಾ, ನಮ್ಮ ಹುಡುಗರಲ್ಲದೆ ಇನ್ಯಾರು ಸಾರ್ ಎಂದ. ಮಹೇಶನನ್ನು ಕೇಳಿದರು. ಅವನು ಕಟ್ಟು ಹಾಕಿದ ಕೈ ನೋಡುತ್ತಾ, ನನಗೆ ನೆನಪಿಲ್ಲ ಎಂದ. ಅವನಿಗೆ ಆ ಕೆಲಸ ಬಿಟ್ಟರೆ ಬೇರೆ ಇರಲಿಲ್ಲ. ನನಗೆ ಅಂಥ ಯಾವ ನೆಪವೂ ಇರಲಿಲ್ಲ. ಸತ್ತವನು ಬಂದು ಹಾಕಿದ ಎಂದು ಹೇಳಿದರೆ ಕಾರಿಡಾರಿನಲ್ಲಿ ಎಲ್ಲರೂ ನಗುತ್ತಾರೆ ಎಂಬುದೊಂದೇ ನನ್ನ ಹೆದರಿಕೆ. ಯಾರು ಹಾಕಿದ್ದೋ ಗೊತ್ತಿಲ್ಲ, ಆದರೆ ಇವರಲ್ಲ ಎಂದು ಅಷ್ಟಕ್ಕೇ ನಿಂತಿದ್ದರೂ ಸಾಕಿತ್ತು. ನಿಲ್ಲಲಿಲ್ಲ. 'ಟ್ಯಾಂಕಿನ ಜೋಡಣೆ ತೃಪ್ತಿಕರ' ಎಂಬ ಕಾಗದಕ್ಕೆ ಸಹಿ ಹಾಕಿದೆ. ಉಳಿದ ಎಲ್ಲ ಜೀಪುಗಳ ಟ್ಯಾಂಕಿನ ಕೆಲಸವೂ ಅವನಿಗೇ ಹೋಯಿತು.

ಜನವರಿಯಲ್ಲಿ ಲಾರೆನ್ಸ್ ಝಾರ್ಖಂಡಕ್ಕೆ ಹೊರಟ. ಹಿಂದಿನ ದಿನ ನನ್ನ ಮೇಜಿನ ಹತ್ತಿರ ಬಂದು, "ಟ್ಯಾಂಕ್ ಎಲ್ಲ ಗಟ್ಟಿ ಉಂಟಲ್ಲ ಮಾರಾಯ? ನೀನು ನೋಡಿದ್ದೀಯಲ್ಲ?" ಎಂದ.

"ಏನೂ ಆಗಂಗಿಲ್ಲ, ಹೋಗಿ ಬಾ" ಎಂದೆ.

ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಎಂಬುದನ್ನು ಇವತ್ತಿನವರೆಗೂ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತೇನೆ. ಸೋಮಾರಿತನವಲ್ಲ. ಜೀವಮಾನದಲ್ಲಿ ಏನನ್ನೂ ನಂಬದ ನಾನು ಆ ಮೂರು ತಿಂಗಳಲ್ಲಿ ಒಳಗೊಳಗೇ ನಂಬತೊಡಗಿದ್ದೆ. ಎಲ್ಲ ಜೀಪುಗಳನ್ನೂ ನಿತಾಯ್‌ದಾ ನೋಡಿಕೊಳ್ಳುತ್ತಾರೆ ಎಂದು. ಬಗ್ಗಿ ನೋಡಿದರೆ ಆ ಪ್ಲೇಟುಗಳು ಅಲ್ಲಿ ಇಲ್ಲದಿದ್ದರೆ ಏನು ಮಾಡುವುದು ಎಂಬ ಭಯವೂ ಇತ್ತು. ನೋಡದಿದ್ದರೆ ಅವು ಅಲ್ಲಿ ಇರುತ್ತವೆ.

ಲಾರೆನ್ಸನ ಜೀಪು ಮಗುಚಲಿಲ್ಲ. ಮೇಕೆಯೊಂದು ಅಡ್ಡ ಬಂದಿತ್ತು, ಡ್ರೈವರ್ ಬ್ರೇಕ್ ಹಾಕಿ ಗಾಡಿ ನಿಲ್ಲಿಸಿದ, ಅಷ್ಟೇ. ಟ್ಯಾಂಕು ನಿಲ್ಲಲಿಲ್ಲ. ನಾಲ್ಕು ಗಿಡ್ಡ ಸ್ಕ್ರೂ ಕಿತ್ತುಕೊಂಡು ಸೀಟಿನ ಸಮೇತ ಅವನ ಬೆನ್ನಿಗೆ ಬಡಿಯಿತು. ಸೊಂಟದಿಂದ ಕೆಳಗೆ ಅವನಿಗೆ ಮತ್ತೆ ಸ್ಪರ್ಶಜ್ಞಾನ ಬರಲಿಲ್ಲ. ಗುತ್ತಿಗೆದಾರ ಹೆಸರು ಬದಲಿಸಿಕೊಂಡು ಕಂಪ್ಯೂಟರ್ ಹುಡುಗರ ಕಾರುಗಳನ್ನು ಸೆಕ್ಟರ್ ಫೈವ್‌ಗೆ ಓಡಿಸಿಕೊಂಡಿದ್ದ. ಮರುವರ್ಷ ನನಗೆ ಬಡ್ತಿ ಬಂತು.

ಎಂಟು ವರ್ಷದ ನಂತರ ಮಂಗಳೂರಿಗೆ ಹೋಗಿ ಲಾರೆನ್ಸನಿಗೆ ಎಲ್ಲವನ್ನೂ ಹೇಳಿದೆ. ಕಾಲುಗಳು, ದನಿ, ಪ್ಲೇಟುಗಳು, ಡೈರೆಕ್ಟರ್ ಕೋಣೆಯಲ್ಲಿ ನಾನು ಸಹಿ ಹಾಕಿದ್ದು. ನೋಡದೆಯೇ 'ಏನೂ ಆಗಂಗಿಲ್ಲ' ಎಂದದ್ದನ್ನೂ ಹೇಳಿದೆ; ನೋಡದಿರಲು ಕಾರಣವನ್ನು ಮಾತ್ರ ಆಗಲೂ ನುಂಗಿಕೊಂಡೆ. ಅವನು ಗಾಲಿಕುರ್ಚಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಕೇಳಿದ. ನಗಲಿಲ್ಲ, ಬೈಯಲಿಲ್ಲ. ಅವನ ಹೆಂಡತಿ ತಂದಿಟ್ಟ ಚಹಾ ಆರಿಹೋಯಿತು.

"ನೀನು ಹೇಳಿದ್ದು ನಾನು ನಂಬ್ತೇನೆ" ಎಂದ ಕೊನೆಗೆ. "ಆದ್ರೆ ಒಂದು ಕೇಳ್ತೇನೆ. ಅವನ ಕೆಲಸ ತೆಗ್ದವ ನೀನು. ಅವನ ಪರವಾಗಿ ಮಾತಾಡಿ ಬೈಸಿಕೊಂಡವ ನಾನು. ಅವ ನಿನ್ನ ಜೀಪಿನಡಿಗೆ ಬಂದ. ನನ್ನ ಜೀಪಿನಡಿಗೆ ಯಾಕೆ ಬರ್ಲಿಲ್ಲ?"

ಸಂಜೆಯ ರೈಲಿಗೆ ಇನ್ನೂ ಮೂರು ಗಂಟೆ ಇತ್ತು. ಅಷ್ಟು ಹೊತ್ತೂ ಅವನ ಎದುರೇ ಕೂತಿದ್ದೆ.